ಹಳೇ 15 ಹೆಚ್.ಪಿ. ಔಟ್‌ಬೋರ್ಡ್: ಸ್ಲೋದಲ್ಲಿ ನಿಲ್ಲುತ್ತಿಲ್ಲ, ಗೇರ್ ಹಾಕಿದರೆ ಆಫ್

ಕೋಡಿ ದೋಣಿ · ಆಗಸ್ಟ್ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೋಡಿ ಬೆಂಗ್ರೆಯಿಂದ ಬರೆಯುತ್ತಿದ್ದೇನೆ. ನಮ್ಮದು 22 ಅಡಿಯ ಫೈಬರ್ ದೋಣಿ. ಎಂಜಿನ್ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್, 15 ಹೆಚ್.ಪಿ., ಟೂ ಸ್ಟ್ರೋಕ್, ಎರಡು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಒಂದೇ. ಸೀಮೆಎಣ್ಣೆಯದ್ದಲ್ಲ, ಪೂರ್ತಿ ಪೆಟ್ರೋಲ್. ಅಪ್ಪ 1998ರಲ್ಲಿ ತಂದದ್ದು. ಅಪ್ಪ ಈಗ ಇಲ್ಲ, ಎಂಜಿನ್ ಇದೆ. ಹಾಗಾಗಿ ಹೊಸದು ತಗೊಳ್ಳಿ ಅಂತ ದಯವಿಟ್ಟು ಹೇಳಬೇಡಿ.

ಸಮಸ್ಯೆ ಹೀಗೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ ಅಲ್ವಾ? 10 ಹೆಚ್.ಪಿ.ಗಿಂತ ಜಾಸ್ತಿ ಇರುವ ಔಟ್‌ಬೋರ್ಡ್ ಕಡಲಿಗೆ ಹೋಗುವ ಹಾಗಿಲ್ಲ. ದೋಣಿ ಎಳೆದು ತೆಂಗಿನ ತೋಟದಲ್ಲಿ ಇಟ್ಟಿದ್ದೆವು. ಆಗಸ್ಟ್ 2ಕ್ಕೆ ಇಳಿಸಿದೆವು. ಚೋಕ್ ಎಳೆದರೆ ಮೂರನೇ ಹಗ್ಗಕ್ಕೆ ಸ್ಟಾರ್ಟ್ ಆಗುತ್ತೆ. ಒಂದು ನಿಮಿಷ ಚೆನ್ನಾಗಿ ಓಡುತ್ತೆ. ಆಮೇಲೆ ಸ್ಲೋದಲ್ಲಿ, ಅಂದರೆ ರೇಸ್ ಕೊಡದೆ ಬಿಟ್ಟಾಗ, ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಗೇರ್ ಹಾಕಿದ ಕೂಡಲೇ ಆಫ್. ಆದರೆ ರೇಸ್ ಕೊಟ್ಟರೆ ಏನೂ ತೊಂದರೆ ಇಲ್ಲ, ಫುಲ್ ಸ್ಪೀಡಿನಲ್ಲಿ ಮೊದಲಿನ ಹಾಗೇ ಓಡುತ್ತೆ.

ಮೊನ್ನೆ ಅಳಿವೆಯಲ್ಲಿ ಆದದ್ದನ್ನು ಹೇಳಲೇಬೇಕು. ಸ್ವರ್ಣಾ ಮತ್ತು ಸೀತಾ ಸೇರಿ ಕಡಲಿಗೆ ಬೀಳುವ ಜಾಗ ನಮ್ಮದು. ಅಲ್ಲಿ ತೆರೆ ನೋಡಿ ಕಾಯಬೇಕು. ದೊಡ್ಡ ತೆರೆಗಳು ಹೋದ ಮೇಲೆ ಸಿಗುವ ಅರ್ಧ ನಿಮಿಷದಲ್ಲಿ ದಾಟಬೇಕು. ಕಾಯುವಾಗ ಎಂಜಿನ್ ಸ್ಲೋದಲ್ಲಿ ಇತ್ತು. ಚಿಕ್ಕಪ್ಪ "ಹಾಕು" ಅಂದರು, ಗೇರ್ ಹಾಕಿದೆ, ಎಂಜಿನ್ ನಿಂತಿತು. ದೋಣಿ ಅಡ್ಡ ತಿರುಗಿತು. ಚಿಕ್ಕಪ್ಪ ಹುಟ್ಟು ಹಾಕಿ ಮೂತಿ ನೇರ ಮಾಡಿದರು, ನಾನು ಹಗ್ಗ ಎಳೆದೆ. ಐದನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಅವತ್ತಿಂದ ಹೊರಗೆ ಹೋಗಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಕಬಿನಿ ಬೋಟ್ · ಆಗಸ್ಟ್ 6, ರಾತ್ರಿ 10:15

ನಾನು ಹಿನ್ನೀರಿನಲ್ಲಿ ಬೋಟ್ ಓಡಿಸುವವನು. ಇದು ತುಂಬಾ ಸುಲಭ ಸರ್. ಕಾರ್ಬೊರೇಟರ್ ಪಕ್ಕದಲ್ಲಿ ಸ್ಲೋ ಸ್ಪೀಡ್ ಹೊಂದಿಸುವ ಐಡಲ್ ಸ್ಕ್ರೂ ಇರುತ್ತೆ. ಒಂದು ಸುತ್ತು ಟೈಟ್ ಮಾಡಿ. ಸ್ಲೋ ಸ್ವಲ್ಪ ಜಾಸ್ತಿ ಆಗುತ್ತೆ, ಆಫ್ ಆಗಲ್ಲ. ನಾವು ಇಲ್ಲಿ ಹಾಗೇ ಮಾಡೋದು.

ಹಳೇ ಫಿಟ್ಟರ್ · ಆಗಸ್ಟ್ 7, ಬೆಳಿಗ್ಗೆ 6:05

ಕೋಡಿ ತಮ್ಮ, ಮೊದಲು ಚಿಕ್ಕಪ್ಪನಿಗೂ ನಿನಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಎಂಜಿನ್ ಸರಿಯಾಗುವವರೆಗೆ ಅಳಿವೆ ಕಡೆ ಹೋಗಬೇಡ. ನದಿಯೊಳಗೇ ಇರು. ಎಂಜಿನ್ ನಿಲ್ಲಿಸುವ ಕೆಂಪು ದಾರ ಇದೆಯಲ್ಲ, ಅದನ್ನು ಕೈಗೆ ಕಟ್ಟಿಕೊಂಡೇ ಟೆಸ್ಟ್ ಮಾಡು.

ಕಬಿನಿಯವರು ಹೇಳಿದ ಹಾಗೆ ಐಡಲ್ ಸ್ಕ್ರೂ ಮುಟ್ಟಬೇಡ. ಅವರ ಮೇಲೆ ಸಿಟ್ಟಿಲ್ಲ, ನೂರಕ್ಕೆ ತೊಂಬತ್ತು ಜನ ಮಾಡುವುದು ಅದನ್ನೇ. ನಾನು ಮೂವತ್ತು ವರ್ಷದಿಂದ ಗಂಗೊಳ್ಳಿ ಕಡೆ ಔಟ್‌ಬೋರ್ಡ್ ಬಿಚ್ಚುತ್ತಿದ್ದೇನೆ. ಸ್ಲೋ ಸ್ಕ್ರೂ ಟೈಟ್ ಮಾಡಿ ಓಡಿಸಿದ ಎಂಜಿನ್ ಎರಡು ರೀತಿ ಸಾಯುತ್ತದೆ. ಒಂದು, ಗೇರ್. ಕೆಳಗಿನ ಗೇರ್ ಪೆಟ್ಟಿಗೆಯಲ್ಲಿ ಹಲ್ಲಿಗೆ ಹಲ್ಲು ಕೂರುವ ಕ್ಲಚ್ ಇದೆ. ಸ್ಲೋ ಏಳೆಂಟು ನೂರು ಆರ್‌ಪಿಎಂ ಇದ್ದರೆ ಅದು ಸಲೀಸಾಗಿ ಕೂರುತ್ತದೆ. ಸಾವಿರದೈನೂರಕ್ಕೆ ಏರಿಸಿ ಗೇರ್ ಹಾಕಿದರೆ ಪ್ರತಿ ಸಲ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಹಲ್ಲಿನ ಮೂಲೆ ಸವೆದು ಗುಂಡಾಗುತ್ತದೆ. ಆಮೇಲೆ ಓಡುವಾಗಲೇ ಗೇರ್ ಜಾರುತ್ತದೆ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಮ್ಮಿ ಬರುತ್ತಿದೆ ಎಂದರೆ ಆಯಿಲ್ಲೂ ಕಮ್ಮಿ ಬರುತ್ತಿದೆ ಎಂದೇ ಅರ್ಥ. ಸ್ಕ್ರೂ ಟೈಟ್ ಮಾಡಿದರೆ ಸದ್ದು ಸರಿಯಾಗುತ್ತದೆ, ಒಳಗಿನ ರೋಗ ಹಾಗೇ ಇರುತ್ತದೆ. ಸ್ಲೋ ಕೆಟ್ಟಿದೆ ಅಂದರೆ ಎಂಜಿನ್ ಏನೋ ಹೇಳುತ್ತಿದೆ. ಅದನ್ನು ಕೇಳಿಸಿಕೊಳ್ಳಬೇಕು, ಬಾಯಿ ಮುಚ್ಚಿಸಬಾರದು.

ಈಗ ಎರಡು ಕೆಲಸ ಮಾಡಿ ಹೇಳು. ಎಂಜಿನ್ ಏರಿಳಿಯುತ್ತಿರುವಾಗ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿ ನೋಡು. ಒತ್ತಿದಾಗ ಎಂಜಿನ್ ಸುಧಾರಿಸಿದರೆ ಪೆಟ್ರೋಲ್ ಪಂಪಿನ ಒಳಗಿನ ಪೊರೆ, ಅಂದರೆ ಡಯಾಫ್ರಾಮ್, ಸೋತಿದೆ. ಆಮೇಲೆ, ಬಿಸಿಯಾದ ಮೇಲೆ ಏರಿಳಿಯುವಾಗ ಚೋಕ್ ಅರ್ಧ ಎಳೆದು ನೋಡು. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆ ತಾನೇ? ಅದನ್ನು ಮರೆತು ಇಡೀ ಎಂಜಿನ್ ಬಿಚ್ಚಿಸಿದವರನ್ನು ಕಂಡಿದ್ದೇನೆ.

ಕೋಡಿ ದೋಣಿ · ಆಗಸ್ಟ್ 7, ಸಂಜೆ 6:50

ಫಿಟ್ಟರಣ್ಣ, ಗಾಳಿ ಸ್ಕ್ರೂ ತೆರೆದೇ ಇತ್ತು. ಬಲ್ಬ್ ಒತ್ತಿದೆ, ಏನೂ ವ್ಯತ್ಯಾಸ ಇಲ್ಲ. ಬಲ್ಬ್ ಗಟ್ಟಿಯಾಗೇ ಇದೆ. ಚೋಕ್ ಅರ್ಧ ಎಳೆದರೆ ಮಾತ್ರ ಎಂಜಿನ್ ಶಾಂತ ಆಗುತ್ತೆ. ಒಂದು ನಿಮಿಷ ಒಂದೇ ಸಮ ಓಡಿತು. ಬಿಟ್ಟರೆ ಮತ್ತೆ ಶುರು.

ಹಳೇ ಫಿಟ್ಟರ್ · ಆಗಸ್ಟ್ 7, ರಾತ್ರಿ 8:20

ಹಾಗಾದರೆ ದಾರಿ ಸಿಕ್ಕಿತು. ಚೋಕ್ ಎಂದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಚೋಕಿಗೆ ಶಾಂತ ಆಗುತ್ತದೆ ಅಂದರೆ ಎಂಜಿನ್ನಿಗೆ ಸ್ಲೋದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಜಾಸ್ತಿ ಗಾಳಿ ಎಳೆಯುತ್ತಿದೆ. ಎರಡರಲ್ಲಿ ಒಂದು. ಕೆಲವೊಮ್ಮೆ ಎರಡೂ.

ಫುಲ್ ಸ್ಪೀಡಿನಲ್ಲಿ ಚೆನ್ನಾಗಿದೆ ಅಂದೆಯಲ್ಲ. ಅದರಿಂದ ಸ್ಲೋ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಕಾರ್ಬೊರೇಟರಿನಲ್ಲಿ ಎರಡು ದಾರಿ ಇವೆ. ರೇಸ್ ಕೊಟ್ಟಾಗ ಪೆಟ್ರೋಲ್ ಬರುವುದು ಮೇನ್ ಜೆಟ್ಟಿನಿಂದ, ಅದು ದೊಡ್ಡ ತೂತು. ಸ್ಲೋದಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಗಡು ಮುಚ್ಚಿಕೊಂಡಿರುತ್ತದೆ. ಆಗ ಪೆಟ್ರೋಲ್ ಪೈಲಟ್ ಜೆಟ್ಟಿನಿಂದ ಹೊರಟು, ತಗಡಿನ ಅಂಚಿನ ಹತ್ತಿರ ಇರುವ ಸೂಜಿಮೊನೆಯಂಥ ತೂತುಗಳಿಂದ ಬರಬೇಕು. ಕೂದಲೆಳೆಯಷ್ಟು ದಾರಿ. ಎರಡು ತಿಂಗಳು ಪೆಟ್ರೋಲ್ ಒಳಗೇ ಬಿಟ್ಟಿದ್ದರೆ ಮೊದಲು ಕಟ್ಟಿಕೊಳ್ಳುವುದು ಅದೇ. ಜೂನಿನಲ್ಲಿ ಕಾರ್ಬೊರೇಟರ್ ಖಾಲಿ ಮಾಡಿದ್ದೆಯಾ?

ಕೋಡಿ ದೋಣಿ · ಆಗಸ್ಟ್ 7, ರಾತ್ರಿ 8:31

ಇಲ್ಲ ಅಣ್ಣ. ಅಪ್ಪ ಮಾಡುತ್ತಿದ್ದರು. ನನಗೆ ನೆನಪಾಗಲಿಲ್ಲ. ಟ್ಯಾಂಕಿನಲ್ಲೂ ಎಂಟು ಲೀಟರ್ ಮೇ ತಿಂಗಳ ಪೆಟ್ರೋಲ್ ಇತ್ತು. ಅದಕ್ಕೇ ಹೊಸದು ಸೇರಿಸಿ ಓಡಿಸುತ್ತಿದ್ದೇನೆ.

ರಸಾಯನ ಟೀಚರ್ · ಆಗಸ್ಟ್ 7, ರಾತ್ರಿ 9:15

ನನಗೆ ಎಂಜಿನ್ ಬಿಚ್ಚಲು ಬರುವುದಿಲ್ಲ. ಉಡುಪಿಯಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ, ಅಣ್ಣನ ಮನೆಯಲ್ಲಿ ದೋಣಿ ಇದೆ. ಆ ಹಳೇ ಪೆಟ್ರೋಲ್ ಬಗ್ಗೆ ಮಾತ್ರ ಹೇಳುತ್ತೇನೆ, ಇದು ನಿಮ್ಮ ಎಂಜಿನ್ನಿಗೆ ನಿಜವಾಗಿ ಮುಖ್ಯ.

ನಿಮ್ಮ ತಂದೆ 1998ರಲ್ಲಿ ಹಾಕುತ್ತಿದ್ದ ಪೆಟ್ರೋಲ್ ಈಗ ಬಂಕಿನಲ್ಲಿ ಇಲ್ಲ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯಿತು. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಈಗ ಎಲ್ಲ ಕಡೆ ಅದೇ. ಹೆಚ್ಚಿನ ಔಟ್‌ಬೋರ್ಡ್ ಕೈಪಿಡಿಗಳಲ್ಲಿ ಹತ್ತು ಪರ್ಸೆಂಟಿಗಿಂತ ಜಾಸ್ತಿ ಎಥನಾಲ್ ಬೇಡ ಅಂತ ಇರುತ್ತದೆ. ನಿಮ್ಮದರಷ್ಟು ಹಳೇ ಎಂಜಿನ್ ತಯಾರಾದಾಗ ಇಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಎಥನಾಲಿಗೆ ನೀರು ಕಂಡರೆ ಬಹಳ ಪ್ರೀತಿ. ಮಳೆಗಾಲದ ನಮ್ಮ ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕ್, ತೆರೆದ ಗಾಳಿ ಸ್ಕ್ರೂ, ಜೂನ್ ಜುಲೈ. ಒಂದು ಮಿತಿಯವರೆಗೆ ನೀರು ಪೆಟ್ರೋಲಿನಲ್ಲೇ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮಿತಿ ದಾಟಿದರೆ ನೀರೂ ಎಥನಾಲೂ ಜೊತೆಯಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೈಪ್ ಎಳೆಯುವುದು ತಳದಿಂದಲೇ ಅಲ್ವಾ? ಫಿಟ್ಟರಣ್ಣ ಹೇಳಿದ ಮಾತಿಗೆ ಇದನ್ನು ಸೇರಿಸಿಕೊಳ್ಳಿ: ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದ ಪದರದಲ್ಲಿ ಆಯಿಲ್ ಇರುವುದಿಲ್ಲ. ಅದು ಎಂಜಿನ್ನಿಗೆ ಹೋದರೆ ಬೇರಿಂಗಿಗೆ ನೀರು ಕುಡಿಸಿದ ಹಾಗೆ.

ಇನ್ನೊಂದು ವಿಷಯ. ಒಂದು ಕೆಜಿ ಮಾಮೂಲಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ 9 ಸಾಕು. ಇ20ಕ್ಕೆ ಹೆಚ್ಚುಕಮ್ಮಿ 13.5. ನಿಮ್ಮ ಹಳೇ ಜೆಟ್ಟಿನ ಅಳತೆ 14.7ರ ಲೆಕ್ಕದ ಕಾಲದ್ದು. ಅಂದರೆ ಏನೂ ಕೆಡದಿದ್ದರೂ ಈಗಿನ ಪೆಟ್ರೋಲಿಗೆ ಆ ಕಾರ್ಬೊರೇಟರ್ ಸ್ವಲ್ಪ ಜಾಸ್ತಿ ಗಾಳಿ ಕೊಡುತ್ತಿರುತ್ತದೆ.

ನೋಡಬೇಕಾದರೆ ಮನೆಯಲ್ಲೇ ನೋಡಬಹುದು. ಅಳತೆ ಗೆರೆ ಇರುವ ಗಾಜಿನ ಬಾಟಲಿಗೆ 10 ಎಂಎಲ್ ನೀರು, ಮೇಲೆ 100 ಎಂಎಲ್ ಪೆಟ್ರೋಲ್ ಹಾಕಿ. ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ನೀರು ಎಥನಾಲನ್ನು ಎಳೆದುಕೊಂಡು ತಳದ ಪದರ ದಪ್ಪವಾಗುತ್ತದೆ. ಅದು 30ರ ಹತ್ತಿರ ಬಂದರೆ ಪೆಟ್ರೋಲಿನಲ್ಲಿ ಎಥನಾಲ್ ಸುಮಾರು ಇಪ್ಪತ್ತು ಪರ್ಸೆಂಟ್. ಒಲೆ, ಬೀಡಿ, ದೀಪ ಯಾವುದೂ ಹತ್ತಿರ ಬೇಡ. ಅಂಗಳದಲ್ಲಿ ಮಾಡಿ.

ಕೋಡಿ ದೋಣಿ · ಆಗಸ್ಟ್ 8, ಬೆಳಿಗ್ಗೆ 11:20

ಟೀಚರ್, ತುಂಬಾ ಥ್ಯಾಂಕ್ಸ್. ತಂಗಿಯ ಮಗುವಿನ ಹಾಲಿನ ಬಾಟಲಿ ಹಳೆಯದು ಒಂದಿತ್ತು, ಎಂಎಲ್ ಗೆರೆ ಇರುವ ಗಾಜಿನದ್ದು. ಬಂಕಿನಿಂದ ತಂದ ಹೊಸ ಪೆಟ್ರೋಲ್ ಹಾಕಿ ಮಾಡಿದೆ. 10ರಲ್ಲಿ ಇದ್ದ ನೀರಿನ ಗೆರೆ 28ರ ಮೇಲೆ ಬಂದು ನಿಂತಿತು. ಚಿಕ್ಕಪ್ಪ ನಂಬಲೇ ಇಲ್ಲ, ಎರಡನೇ ಸಲ ಅವರ ಕೈಯಲ್ಲೇ ಮಾಡಿಸಿದೆ.

ಆಮೇಲೆ ಟ್ಯಾಂಕಿನ ಪೆಟ್ರೋಲನ್ನು ಬಿಳಿ ಕ್ಯಾನಿಗೆ ಬಗ್ಗಿಸಿ ಬಿಸಿಲಿಗೆ ಹಿಡಿದೆ. ಮೇಲೆ ಆಯಿಲಿನ ನೀಲಿ ಬಣ್ಣ. ತಳದಲ್ಲಿ ಒಂದು ಬೆರಳು ದಪ್ಪಕ್ಕೆ ಬಣ್ಣವೇ ಇಲ್ಲ, ಗಂಜಿ ತಿಳಿಯ ಹಾಗೆ ಮಬ್ಬು. ನೀವು ಹೇಳಿದ್ದು ಓದಿರದಿದ್ದರೆ ನಾನು ಅದನ್ನು ಗಮನಿಸುತ್ತಲೇ ಇರಲಿಲ್ಲ. ಎಲ್ಲ ತೆಗೆದೆ. ಟ್ಯಾಂಕ್ ತೊಳೆದು ಒಣಗಿಸಿದ್ದೇನೆ.

ದೋಹಾ ಯಾರ್ಡ್ · ಆಗಸ್ಟ್ 8, ಮಧ್ಯಾಹ್ನ 2:45

ಭಟ್ಕಳದವನು, ಇಲ್ಲಿ ಬೋಟ್ ಯಾರ್ಡಿನಲ್ಲಿ ಕೆಲಸ. ಕೋಡಿ ಭಾಯಿ, ಕಾರ್ಬೊರೇಟರ್ ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ, ನೋಡಿಬಿಡಿ. ಬೈಕ್ ಗ್ಯಾರೇಜಿನಲ್ಲಿ ಗೇಜ್ ಸಿಗುತ್ತೆ. ಎರಡೂ ಪ್ಲಗ್ ತೆಗೆಯಿರಿ, ಪ್ಲಗ್ ವಯರುಗಳನ್ನು ಎಂಜಿನ್ ಬಾಡಿಗೆ ತಾಗಿಸಿ ಅರ್ಥ್ ಮಾಡಿ. ವಯರ್ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆದರೆ ಕಿಡಿ ಕೊಡುವ ಸಿಡಿಐ ಯೂನಿಟ್ ಹೋಗಬಹುದು. ಥ್ರಾಟಲ್ ಫುಲ್ ತೆರೆದು ನಾಲ್ಕೈದು ಸಲ ಎಳೆಯಿರಿ. ಎರಡು ಸಿಲಿಂಡರ್ ಹತ್ತತ್ತಿರ ಇರಬೇಕು. ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಾರ್ಬೊರೇಟರ್ ಎಷ್ಟು ತೊಳೆದರೂ ಸುಖವಿಲ್ಲ.

ಕೋಡಿ ದೋಣಿ · ಆಗಸ್ಟ್ 8, ಸಂಜೆ 5:30

ನೋಡಿದೆ ಭಾಯಿ. ಮೇಲಿನದು 115 ಪಿಎಸ್‌ಐ, ಕೆಳಗಿನದು 112.

ದೋಹಾ ಯಾರ್ಡ್ · ಆಗಸ್ಟ್ 8, ಸಂಜೆ 5:52

ಮಾಷಾ ಅಲ್ಲಾ, ನಿಮ್ಮ ತಂದೆಯವರು ಎಂಜಿನ್ ಚೆನ್ನಾಗಿ ನೋಡಿಕೊಂಡಿದ್ದಾರೆ. ಇದು ಖಂಡಿತ ಸರಿಯಾಗುತ್ತೆ.

ಹಳೇ ಫಿಟ್ಟರ್ · ಆಗಸ್ಟ್ 8, ರಾತ್ರಿ 7:40

ಈಗ ಧೈರ್ಯವಾಗಿ ಕಾರ್ಬೊರೇಟರ್ ಬಿಚ್ಚು. ಮನೆಯೊಳಗೆ ಬೇಡ, ಗಾಳಿ ಆಡುವ ಜಾಗದಲ್ಲಿ. ಕೆಳಗೆ ಬಿಳಿ ಬಟ್ಟೆ ಹಾಸಿಕೋ, ಸಣ್ಣ ಸ್ಕ್ರೂ ಮರಳಿಗೆ ಬಿದ್ದರೆ ಸಿಗುವುದಿಲ್ಲ.

ಸ್ಲೋದ ಪೆಟ್ರೋಲ್ ಗಾಳಿ ಅಳತೆ ಹೊಂದಿಸುವ ಪೈಲಟ್ ಸ್ಕ್ರೂ ತೆಗೆಯುವ ಮೊದಲು ಅದನ್ನು ನಿಧಾನ ಒಳಗೆ ತಿರುಗಿಸಿ, ತಾಗುವವರೆಗೆ ಎಷ್ಟು ಸುತ್ತು ಆಯಿತು ಅಂತ ಎಣಿಸಿ ಬರೆದಿಡು. ಜೋರಾಗಿ ಒತ್ತಬೇಡ, ಮೊನೆ ಹಾಳಾಗುತ್ತದೆ. ಪೈಲಟ್ ಜೆಟ್ ತೆಗೆದು ಸೂರ್ಯನ ಕಡೆ ಹಿಡಿದು ನೋಡು. ತೂತು ಗುಂಡಗೆ, ಬೆಳಕಾಗಿ ಕಾಣಬೇಕು. ಕಟ್ಟಿದ್ದರೆ ಕಬ್ಬಿಣದ ಸೂಜಿ ಹಾಕಬೇಡ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತದೆ. ಸಣ್ಣ ಗಾಳದ ನೈಲಾನ್ ದಾರ ಇದೆಯಲ್ಲ ಮನೆಯಲ್ಲಿ, ಅದರ ತುದಿ ಸಾಕು. ರಾತ್ರಿಯಿಡೀ ಕಾರ್ಬ್ ಕ್ಲೀನರಿನಲ್ಲಿ ನೆನೆಸು. ಆಮೇಲೆ ಥ್ರಾಟಲ್ ತಗಡಿನ ಅಂಚಿನ ತೂತುಗಳಿಂದ ಸ್ಪ್ರೇ ಹೊಡೆದರೆ ಪೈಲಟ್ ದಾರಿಯಿಂದ ಹೊರಗೆ ಚಿಮ್ಮಬೇಕು. ಕಣ್ಣಿಗೆ ಬೀಳದ ಹಾಗೆ ನೋಡಿಕೋ. ಜೆಟ್ ಮಾತ್ರ ತೊಳೆದು ಈ ಸಣ್ಣ ತೂತುಗಳನ್ನು ಬಿಟ್ಟವರೇ "ಮೂರು ಸಲ ಕ್ಲೀನ್ ಮಾಡಿದೆ, ಸರಿ ಆಗಲಿಲ್ಲ" ಅನ್ನುವುದು.

ಕೋಡಿ ದೋಣಿ · ಆಗಸ್ಟ್ 10, ಮಧ್ಯಾಹ್ನ 1:10

ನಿನ್ನೆ ಇಡೀ ದಿನ ಅದೇ ಕೆಲಸ. ಪೈಲಟ್ ಜೆಟ್ ಸೂರ್ಯನಿಗೆ ಹಿಡಿದೆ, ಬೆಳಕೇ ಇಲ್ಲ. ಒಳಗೆ ಹಸಿರು ಬಿಳಿ ಪುಡಿ, ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಾಗೆ. ನೆನೆಸಿ, ನೈಲಾನ್ ದಾರ ಹಾಕಿದ ಮೇಲೆ ಒಂದು ಚುಕ್ಕಿ ಬೆಳಕು ಕಂಡಿತು. ಎಷ್ಟು ಖುಷಿಯಾಯಿತು ಅಂದರೆ ಅಮ್ಮನನ್ನೂ ಕರೆದು ತೋರಿಸಿದೆ.

ಜೋಡಿಸಿ, ಹೊಸ ಪೆಟ್ರೋಲ್ ಹಾಕಿ, ಜೆಟ್ಟಿಯಲ್ಲಿ ದೋಣಿ ಕಟ್ಟಿ ಓಡಿಸಿದೆ. ಬಹಳ ಸುಧಾರಿಸಿದೆ. ಮೊದಲಿನ ಹಾಗೆ ಸಾಯುವುದಿಲ್ಲ. ಆದರೆ ಪೂರ್ತಿ ಸರಿಯಾಗಿಲ್ಲ. ಹತ್ತು ನಿಮಿಷ ಬಿಸಿಯಾದ ಮೇಲೆ ಮತ್ತೆ ಕುಂಟುತ್ತೆ. ಗೇರ್ ಹಾಕಿದರೆ ಐದರಲ್ಲಿ ಎರಡು ಸಲ ಆಫ್. ಪೈಲಟ್ ಸ್ಕ್ರೂ ಒಳಗೆ ಹೊರಗೆ ಅರ್ಧ ಸುತ್ತು ತಿರುಗಿಸಿದರೂ ಸದ್ದಿನಲ್ಲಿ ಅಷ್ಟೇನೂ ಬದಲಾವಣೆ ಇಲ್ಲ.

ಹಳೇ ಫಿಟ್ಟರ್ · ಆಗಸ್ಟ್ 10, ಮಧ್ಯಾಹ್ನ 3:00

ಕೊನೆಯಲ್ಲಿ ಹೇಳಿದ್ದು ಬಹಳ ಒಳ್ಳೇ ಸುಳಿವು ತಮ್ಮ. ಸ್ಕ್ರೂ ತಿರುಗಿಸಿದ್ದು ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ ಅಂದರೆ ಒಂದೋ ದಾರಿ ಇನ್ನೂ ಕಟ್ಟಿದೆ, ಇಲ್ಲವೇ ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲೋ ಗಾಳಿ ಎಳೆಯುತ್ತಿದೆ. ಐದು ನಿಮಿಷ ಸ್ಲೋದಲ್ಲಿ ಓಡಿಸಿ, ರೇಸ್ ಕೊಡದೆ ಹಾಗೇ ಆಫ್ ಮಾಡಿ, ಎರಡೂ ಪ್ಲಗ್ ತೆಗೆದು ಫೋಟೋ ಹಾಕು.

ಕೋಡಿ ದೋಣಿ · ಆಗಸ್ಟ್ 10, ಸಂಜೆ 5:25

ಮೇಲಿನ ಪ್ಲಗ್ ಒಣಗಿದೆ, ಕಾಫಿ ಪುಡಿ ಬಣ್ಣ. ಕೆಳಗಿನದು ಒದ್ದೆ. ಪ್ಲಗ್ ಅದಲುಬದಲು ಮಾಡಿದೆ, ಆಗಲೂ ಕೆಳಗಿನದ್ದೇ ಒದ್ದೆ. ಕಿಡಿ ಎರಡರಲ್ಲೂ ನೀಲಿಯಾಗಿ, ಜೋರಾಗಿ ಬರುತ್ತಿದೆ.

ಶರಾವತಿ ತೀರ · ಆಗಸ್ಟ್ 10, ರಾತ್ರಿ 8:05

ಹೊನ್ನಾವರದಿಂದ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇದು ನನಗೆ ಆಗಿದ್ದೇ, ಹಾಗಾಗಿ ಬರೆಯುತ್ತೇನೆ. ಕಾಂಡ್ಲಾ ಕಾಡು ನೋಡಲು ಜನರನ್ನು ಕರೆದುಕೊಂಡು ಹೋಗುವ ದೋಣಿ ನಂದು. ಅಲ್ಲಿ ಇಡೀ ದಿನ ಸ್ಲೋದಲ್ಲೇ ಓಡಿಸಬೇಕು.

ಕಾರ್ಬೊರೇಟರಿನ ಗಾಳಿ ಡಬ್ಬಿ ತೆಗೆಯಿರಿ. ಎಂಜಿನ್ ಸ್ಲೋದಲ್ಲಿ ಇರುವಾಗ ಬಾಯಿಯ ಮುಂದೆ ಎರಡು ಇಂಚು ದೂರದಲ್ಲಿ ಒಂದು ಬಿಳಿ ಕಾಗದ ಹಿಡಿಯಿರಿ. ಬಿಗಿಯಾಗಿ ಹಿಡಿಯಿರಿ, ಒಳಗೆ ಎಳೆದುಕೊಳ್ಳಬಾರದು. ಮೇಲೆ ತಿರುಗುವ ಫ್ಲೈವೀಲಿನಿಂದ ಕೈ, ಅಂಗಿ ತೋಳು ದೂರ ಇರಲಿ. ಕಾಗದ ಒಣಗಿದ್ದರೆ ಒಳ್ಳೇದು. ಪೆಟ್ರೋಲಿನ ಸಣ್ಣ ಹನಿ ಬಿದ್ದರೆ ರೀಡ್ ವಾಲ್ವ್ ಮುಚ್ಚುತ್ತಿಲ್ಲ ಅಂತ ಅರ್ಥ.

ಹಳೇ ಫಿಟ್ಟರ್ · ಆಗಸ್ಟ್ 10, ರಾತ್ರಿ 8:40

ಶರಾವತಿಯವರು ಸರಿಯಾಗಿ ಹಿಡಿದರು. ನಾನು ತಿರುಗುವ ದಂಡದ ಸುತ್ತ ಗಾಳಿ ಸೋರದ ಹಾಗೆ ತಡೆಯುವ ಕ್ರ್ಯಾಂಕ್ ಸೀಲ್ ಬಗ್ಗೆ ಯೋಚಿಸುತ್ತಿದ್ದೆ, ಅದಕ್ಕಿಂತ ಮೊದಲು ಇದನ್ನೇ ನೋಡಬೇಕು.

ರೀಡ್ ಅಂದರೆ ತೆಳು ಸ್ಟೀಲ್ ಎಸಳು. ಪಿಸ್ಟನ್ ಮೇಲೆ ಹೋದಾಗ ಅದರ ಅಡಿಯ ಕ್ರ್ಯಾಂಕ್ ಪೆಟ್ಟಿಗೆ ಗಾಳಿ ಎಳೆಯುತ್ತದೆ, ಎಸಳು ತೆರೆಯುತ್ತದೆ. ಪಿಸ್ಟನ್ ಇಳಿದಾಗ ಎಸಳು ಮುಚ್ಚಿ, ಒಳಗೆ ಬಂದದ್ದು ಹಿಂದೆ ಹೋಗದ ಹಾಗೆ ತಡೆಯುತ್ತದೆ. ಮುಚ್ಚದಿದ್ದರೆ ಪೆಟ್ರೋಲ್ ಮಂಜು ಕಾರ್ಬೊರೇಟರಿನ ಬಾಯಿಂದ ವಾಪಸ್ ಉಗುಳುತ್ತದೆ. ಜೋರಾಗಿ ಓಡುವಾಗ ಗಾಳಿಯ ರಭಸಕ್ಕೆ ಹಿಂದೆ ಬರಲು ಪುರುಸೊತ್ತೇ ಇಲ್ಲ, ಆದ್ದರಿಂದ ಗೊತ್ತಾಗುವುದಿಲ್ಲ. ಸ್ಲೋದಲ್ಲಿ ಬಣ್ಣ ಬಯಲಾಗುತ್ತದೆ. ಎರಡು ಸಿಲಿಂಡರಿಗೆ ಎರಡು ಬೇರೆ ಪೆಟ್ಟಿಗೆ, ಬೇರೆ ಎಸಳು. ನಿನ್ನ ಕೆಳಗಿನದು ಮಾತ್ರ ಉರಿಯದೆ ಒದ್ದೆಯಾಗುವುದಕ್ಕೂ ಇದು ಕೂಡಿಬರುತ್ತದೆ.

ಕೋಡಿ ದೋಣಿ · ಆಗಸ್ಟ್ 12, ರಾತ್ರಿ 9:00

ಸಿಕ್ಕಿತು!

ನಿನ್ನೆ ಕಾಗದ ಹಿಡಿದೆ. ಅರ್ಧ ನಿಮಿಷದಲ್ಲಿ ಮಧ್ಯದಲ್ಲಿ ಬೇಳೆಕಾಳಿನಷ್ಟು ಎಣ್ಣೆ ಚುಕ್ಕೆಗಳು. ಇವತ್ತು ಕಾರ್ಬೊರೇಟರ್ ತೆಗೆದು, ಹಿಂದಿನ ಮ್ಯಾನಿಫೋಲ್ಡ್ ತೆಗೆದು, ರೀಡ್ ತಟ್ಟೆ ಹೊರಗೆ ತಂದೆ. ಮೇಲಿನ ಎಸಳುಗಳ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಗೆರೆಯಷ್ಟೂ ಬೆಳಕಿಲ್ಲ. ಕೆಳಗಿನದರಲ್ಲಿ ಒಂದು ಎಸಳಿನ ಮೂಲೆ ಕೂದಲಷ್ಟು ಎದ್ದು ನಿಂತಿತ್ತು, ಬೆಳಕು ಬರುತ್ತಿತ್ತು. ಎಸಳು ಮುರಿದಿರಲಿಲ್ಲ. ಅದರ ಕೆಳಗೆ ಏನೋ ಸಿಕ್ಕಿಕೊಂಡಿತ್ತು. ಚಿಮುಟದಲ್ಲಿ ಎಳೆದೆ. ಬೊಂಡಾಸ್ ಚೂರಿನ ಹಾಗೆ ಮೆತ್ತಗೆ, ಉಬ್ಬಿದ ಒಂದು ಎಳೆ. ಬೂದು ಬಣ್ಣ.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹೋದ ವರ್ಷ ಕಾರ್ಬೊರೇಟರ್ ಪ್ಯಾಕಿಂಗ್ ಹರಿದಿತ್ತು. ಪೇಟೆಯಲ್ಲಿ ಸಿಗಲಿಲ್ಲ, ಮರುದಿನ ಕಡಲಿಗೆ ಹೋಗಬೇಕಿತ್ತು. ನಾನೇ ಟ್ಯೂಬಿನ ಸಿಲಿಕಾನ್ ಹಚ್ಚಿ ಕೂರಿಸಿದ್ದೆ. ಅದೇ ಒಳಗಿನ ಅಂಚಿನಿಂದ ಕಿತ್ತು ಬಂದು ಎಸಳಿನ ಅಡಿಗೆ ಸೇರಿದೆ. ಉಳಿದ ಸಿಲಿಕಾನ್ ಕೂಡ ಊದಿಕೊಂಡು ಉಗುರಿನಲ್ಲಿ ಕೆರೆದರೆ ಬರುತ್ತಿತ್ತು. ಒಂದು ಕಡೆ ಗಾಳಿ ಹೋಗುವಷ್ಟು ಜಾಗ ಬಿಟ್ಟಿತ್ತು. ಆ ಎಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅವತ್ತು ಅಳಿವೆಯಲ್ಲಿ ಚಿಕ್ಕಪ್ಪ ಇದ್ದರು.

ರಸಾಯನ ಟೀಚರ್ · ಆಗಸ್ಟ್ 12, ರಾತ್ರಿ 9:22

ಬೇಜಾರು ಮಾಡಿಕೊಳ್ಳಬೇಡಿ. ಟ್ಯೂಬಿನ ಮಾಮೂಲಿ ಸಿಲಿಕಾನ್ ಪೆಟ್ರೋಲಿಗೆ ತಡೆಯುವುದಿಲ್ಲ. ಪೆಟ್ರೋಲ್ ಹೀರಿ ಊದಿಕೊಳ್ಳುತ್ತದೆ, ಆಮೇಲೆ ಹಿಡಿತ ಬಿಡುತ್ತದೆ. ನೀರಿಗೆ, ಬಿಸಿಗೆ ಅದು ಒಳ್ಳೆಯದು. ಅದಕ್ಕೇ ಜನ ಎಲ್ಲದಕ್ಕೂ ಹಚ್ಚುತ್ತಾರೆ. ನೀವು ಹುಡುಕಿ ತೆಗೆದಿರಲ್ಲ, ಅದು ದೊಡ್ಡ ಕೆಲಸ.

ಹಳೇ ಫಿಟ್ಟರ್ · ಆಗಸ್ಟ್ 13, ಬೆಳಿಗ್ಗೆ 6:10

ತಮ್ಮ, ನನ್ನ ಕೈಯಿಂದಲೂ ಇದಕ್ಕಿಂತ ದೊಡ್ಡ ತಪ್ಪಾಗಿದೆ. ಅದನ್ನು ಬಿಡು, ಈಗಿನ ಕೆಲಸ ನೋಡು.

ಪ್ಯಾಕಿಂಗಿಗೆ ಎಂಜಿನ್ ನಂಬರ್ ಕೊಟ್ಟು ಆರ್ಡರ್ ಹಾಕು, ಮೂರು ನಾಲ್ಕು ದಿನ ಕಾಯಿ. ಅಷ್ಟು ಪುರುಸೊತ್ತಿಲ್ಲ ಅಂದರೆ ಪೆಟ್ರೋಲಿಗೆ ತಡೆಯುವ ಪ್ಯಾಕಿಂಗ್ ಶೀಟ್ ತಂದು ಕತ್ತರಿಸು. ಯಾವ ಪೇಸ್ಟೂ ಬೇಡ. ಹಳೇ ಸಿಲಿಕಾನನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆ, ಚಾಕು ಹಾಕಿದರೆ ಅಲ್ಯೂಮಿನಿಯಂ ಮುಖಕ್ಕೆ ಗೀರು ಬೀಳುತ್ತದೆ. ಕೆರೆಯುವಾಗ ಒಳಗಿನ ಬಾಯಿಗೆ ಬಟ್ಟೆ ತುರುಕು. ಎಸಳನ್ನು ಬಗ್ಗಿಸಿ ಸರಿಮಾಡಲು ಹೋಗಬೇಡ. ಕಸ ತೆಗೆದ ಮೇಲೆ ತಾನಾಗಿ ಚಪ್ಪಟೆ ಕೂತರೆ ಇರಲಿ, ಆಗಲೂ ಬೆಳಕು ಬಂದರೆ ಹೊಸದು ಹಾಕು.

ಟ್ಯೂನಿಂಗ್ ಮಾಡುವಾಗ ದೋಣಿ ನೀರಿನಲ್ಲೇ ಇರಲಿ, ಗಟ್ಟಿಯಾಗಿ ಕಟ್ಟು. ಮನೆಯಲ್ಲಿ ಪೈಪಿನ ನೀರು ಕೊಟ್ಟು ಓಡಿಸುವಾಗ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ನೀರಿನ ಭಾರ ಇರುವುದಿಲ್ಲ, ಹೊಗೆ ಹೋಗುವ ದಾರಿಗೂ ನೀರಿನ ಒತ್ತಡ ಇರುವುದಿಲ್ಲ. ಅಲ್ಲಿ ಮಾಡಿದ ಸೆಟ್ಟಿಂಗ್ ನದಿಯಲ್ಲಿ ನಿಲ್ಲುವುದಿಲ್ಲ. ಹತ್ತು ನಿಮಿಷ ಬಿಸಿ ಮಾಡಿ, ಗೇರ್ ಹಾಕಿಟ್ಟೇ ಕಿವಿಗೊಡು. ಕೆಲವು ಎಂಜಿನ್ನಿನಲ್ಲಿ ಪೈಲಟ್ ಸ್ಕ್ರೂ ಗಾಳಿಯದ್ದು, ಕೆಲವದರಲ್ಲಿ ಪೆಟ್ರೋಲ್ ಮಿಶ್ರಣದ್ದು. ಗಾಳಿಯದ್ದಾದರೆ ಹೊರಗೆ ತಿರುಗಿಸಿದಾಗ ಪೆಟ್ರೋಲ್ ಕಮ್ಮಿ, ಮಿಶ್ರಣದ್ದಾದರೆ ಹೊರಗೆ ತಿರುಗಿಸಿದಾಗ ಜಾಸ್ತಿ. ನಿನ್ನದು ಯಾವುದು ಅಂತ ಕೈಪಿಡಿ ನೋಡಿ ತಿಳಿದುಕೋ. ಸದ್ದು ಒಂದೇ ಸಮ ಆಗುವ ಜಾಗ ಹುಡುಕಿ, ಅಲ್ಲಿಂದ ಪೆಟ್ರೋಲ್ ಸ್ವಲ್ಪ ಜಾಸ್ತಿ ಬರುವ ಕಡೆಗೆ ಒಂದು ಚೂರು ತಿರುಗಿಸಿ ಬಿಡು. ಟೀಚರ್ ಹೇಳಿದ ಇ20 ಲೆಕ್ಕಕ್ಕೂ ಅದೇ ಮದ್ದು.

ಕಬಿನಿ ಬೋಟ್ · ಆಗಸ್ಟ್ 13, ಬೆಳಿಗ್ಗೆ 9:30

ಫಿಟ್ಟರ್ ಸರ್, ನೀವು ಹೇಳಿದ್ದು ಓದಿ ನಮ್ಮ ಬೋಟಿನ ಆರ್‌ಪಿಎಂ ಅಳೆದೆ. ಸ್ಲೋದಲ್ಲಿ 1400 ಇತ್ತು. ಗೇರ್ ಹಾಕುವಾಗ ಟಕ್ ಅಂತ ಬರುವ ಸದ್ದು ಮಾಮೂಲಿ ಅಂದುಕೊಂಡಿದ್ದೆ. ಕಾರ್ಬೊರೇಟರ್ ತೊಳೆದು, ಸ್ಕ್ರೂ ಹಿಂದೆ ತಂದು 800ಕ್ಕೆ ಇಳಿಸಿದ್ದೇನೆ. ಈಗ ಗೇರ್ ಕೂರುವುದು ಕೈಗೆ ಗೊತ್ತಾಗುತ್ತೆ, ಕಿವಿಗೆ ಕೇಳಲ್ಲ. ಸರಿಯಾಗಿ ತಿಳಿಸಿಕೊಟ್ಟಿದ್ದಕ್ಕೆ ಧನ್ಯವಾದ.

ಕೋಡಿ ದೋಣಿ · ಆಗಸ್ಟ್ 18, ಸಂಜೆ 7:15

ಪ್ಯಾಕಿಂಗ್ 16ಕ್ಕೆ ಬಂತು. ಎಸಳು ತಾನಾಗಿ ಚಪ್ಪಟೆ ಕೂತಿತು, ಬೆಳಕಿಲ್ಲ. ನಿನ್ನೆ ಜೋಡಿಸಿದೆ. ನಮ್ಮದು ಮಿಶ್ರಣದ ಸ್ಕ್ರೂ. ಮೊದಲು ಒಂದೂಕಾಲು ಸುತ್ತು ಹೊರಗೆ ಇತ್ತು. ಈಗ ಒಂದೂವರೆಯಲ್ಲಿ ಸದ್ದು ಒಂದೇ ಸಮ ಆಯಿತು, ಇನ್ನೊಂದು ಚೂರು ಬಿಟ್ಟು ಒಂದೂ ಮುಕ್ಕಾಲಿಗೆ ತಂದೆ. ಈಗ ಕಾಲು ಸುತ್ತು ತಿರುಗಿಸಿದರೂ ಎಂಜಿನ್ ಗುರುತು ಹಿಡಿಯುತ್ತೆ. ಪ್ಲಗ್ ವಯರಿಗೆ ಸುತ್ತುವ ಮೀಟರ್ ಹಾಕಿ ನೋಡಿದೆ. ನ್ಯೂಟ್ರಲಿನಲ್ಲಿ 760, ಗೇರಿನಲ್ಲಿ 650. ಇಪ್ಪತ್ತು ಸಲ ಗೇರ್ ಹಾಕಿದೆ, ಒಂದು ಸಲವೂ ಆಫ್ ಆಗಲಿಲ್ಲ. ಎರಡೂ ಪ್ಲಗ್ ಕಾಫಿ ಪುಡಿ ಬಣ್ಣ.

ಇವತ್ತು ಬೆಳಿಗ್ಗೆ ಉಬ್ಬರ ನೋಡಿ ಚಿಕ್ಕಪ್ಪನ ಜೊತೆ ಹೋದೆ. ಅಳಿವೆಯಲ್ಲಿ ಆರು ನಿಮಿಷ ಕಾದೆವು. ಎಂಜಿನ್ ಸದ್ದು ಅಷ್ಟು ಸಣ್ಣಗಿತ್ತು, ಚಿಕ್ಕಪ್ಪ ಎರಡು ಸಲ ತಿರುಗಿ ಕೂಲಿಂಗ್ ನೀರು ಬೀಳುತ್ತಿದೆಯಾ ಅಂತ ನೋಡಿದರು. ಆಮೇಲೆ "ಹಾಕು" ಅಂದರು.

ಬಂಗುಡೆ ಸ್ವಲ್ಪ ಸಿಕ್ಕಿತು.

ಶರಾವತಿ ತೀರ · ಆಗಸ್ಟ್ 18, ರಾತ್ರಿ 7:50

ಬಹಳ ಸಂತೋಷ ಮಾರಾಯ್ರೆ. ಒಂದು ಮಾತು, ಆಯಿಲ್ ಯಾವುದು ಹಾಕುತ್ತಿದ್ದೀರಿ? ಬೈಕಿನ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೇಡ. ಡಬ್ಬಿ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುವುದನ್ನೇ ತಗೊಳ್ಳಿ, ಅದು ನೀರಿನಿಂದ ತಂಪಾಗುವ ಎಂಜಿನ್ನಿಗೆ ಮಾಡಿದ್ದು.

ಕೋಡಿ ದೋಣಿ · ಆಗಸ್ಟ್ 18, ರಾತ್ರಿ 8:02

ಅದೇ ಹಾಕುತ್ತಿದ್ದೇನೆ. ಕೈಪಿಡಿಯಲ್ಲಿ 50ಕ್ಕೆ 1 ಇದೆ, ಲೀಟರಿಗೆ 20 ಎಂಎಲ್. ಪೆಟ್ರೋಲ್ ಇನ್ನು ಒಂದು ವಾರಕ್ಕೆ ಆಗುವಷ್ಟೇ ತರುವುದು. ಮುಂದಿನ ರಜೆಗೆ ಏನು ಮಾಡಲಿ ಫಿಟ್ಟರಣ್ಣ? ಟ್ಯಾಂಕ್ ಖಾಲಿ ಮಾಡಿದರೆ ಸಾಕಾ?

ಹಳೇ ಫಿಟ್ಟರ್ · ಆಗಸ್ಟ್ 19, ಬೆಳಿಗ್ಗೆ 6:00

ಸಾಲದು. ಟ್ಯಾಂಕಿನ ಪೈಪ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸು. ಆಮೇಲೆ ಕಾರ್ಬೊರೇಟರ್ ಬಟ್ಟಲಿನ ತಳದ ಸ್ಕ್ರೂ ಬಿಚ್ಚು. ನಿಂತ ಮೇಲೂ ಅದರಲ್ಲಿ ಒಂದೆರಡು ಚಮಚ ಉಳಿದಿರುತ್ತದೆ, ಅದೇ ಕಿಲುಬು ಹಿಡಿಸುವುದು. ಬಟ್ಟೆ ಒಡ್ಡಿ ಅದನ್ನೂ ಇಳಿಸು. ಪ್ಲಗ್ ತೆಗೆದು ಎರಡೂ ಸಿಲಿಂಡರಿಗೆ ಒಂದೊಂದು ಚಮಚ ಆಯಿಲ್ ಬಿಟ್ಟು, ವಯರ್ ಅರ್ಥ್ ಮಾಡಿ, ಹಗ್ಗ ನಿಧಾನಕ್ಕೆ ನಾಲ್ಕು ಸಲ ಎಳೆ. ಎಂಜಿನ್ ನೆಟ್ಟಗೆ ನಿಲ್ಲಿಸಿ ಇಡು, ಮಲಗಿಸಬೇಡ.

ಚಿಕ್ಕಪ್ಪನಿಗೆ ನಮಸ್ಕಾರ ಹೇಳು. ಗಂಗೊಳ್ಳಿ ಕಡೆ ಬಂದರೆ ಆ ಎಳೆ ತಗೊಂಡು ಬಾ, ಇಲ್ಲಿಯ ಹುಡುಗರಿಗೆ ತೋರಿಸಬೇಕು.